ಡಿವಿಡಿ ಪ್ಲೇಯರ್‌ನಲ್ಲಿ ಎಸ್‌ಆರ್‌ಟಿ ಸಬ್‌ಟೈಟಲ್ ಬರ್ತಿಲ್ಲ, ಏನು ಮಾಡೋದು?

ಹಳೇರಿಮೋಟ್:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಟಿವಿಗೆ ಒಂದು ಡಿವಿಡಿ ಪ್ಲೇಯರ್ ಹಾಕಿದ್ದೇವೆ. ಡಿಸ್ಕ್ ಜೊತೆಗೆ ಪೆನ್ ಡ್ರೈವ್ ಕೂಡ ಓದುತ್ತದೆ, ಮುಂಭಾಗದಲ್ಲಿ ಡಿವ್‌ಎಕ್ಸ್ (ವಿಡಿಯೊ ಹಿಂಡುವ ಒಂದು ಪದ್ಧತಿ) ಗುರುತು ಇದೆ, ಎವಿಐ ವಿಡಿಯೊ ಫೈಲ್‌ಗಳು ಏನೂ ತಕರಾರಿಲ್ಲದೆ ಓಡುತ್ತವೆ. ತೊಂದರೆ ಇರುವುದು ಸಬ್‌ಟೈಟಲ್‌ನಲ್ಲಿ, ಅಂದರೆ ಸಿನಿಮಾ ಜೊತೆ ಬೇರೆಯಾಗಿ ಇಡುವ ಎಸ್‌ಆರ್‌ಟಿ ಅನ್ನುವ ಪಠ್ಯ ಫೈಲ್‌ನಲ್ಲಿ. ಅಪ್ಪನಿಗೆ ಈಗ ಕಿವಿ ಮಂದ. ಕೆಳಗೆ ಸಾಲು ಬಂದರೆ ಮಾತ್ರ ಅವರಿಗೆ ಸಿನಿಮಾ ನೋಡಿದ ಹಾಗೆ ಆಗುತ್ತದೆ, ಇಲ್ಲದಿದ್ದರೆ ಸುಮ್ನೆ ಕೂತಿರುತ್ತಾರೆ.

ಪೆನ್ ಡ್ರೈವ್‌ನಲ್ಲಿ ಮೂರು ಸಿನಿಮಾ ಇವೆ, ಮೂರೂ ಬೇರೆ ಬೇರೆ ಥರ ಕಾಟ ಕೊಡುತ್ತಿವೆ. ಮೊದಲನೆಯದಕ್ಕೆ ಸಬ್‌ಟೈಟಲ್ ಬರುವುದೇ ಇಲ್ಲ, ರಿಮೋಟ್‌ನ ಸಬ್‌ಟೈಟಲ್ ಬಟನ್ ಒತ್ತಿದರೆ ಆಗುವುದಿಲ್ಲ ಅನ್ನುವ ಗುರುತು ಬರುತ್ತದೆ ಅಷ್ಟೆ. ಎರಡನೆಯದಕ್ಕೆ ಬರುತ್ತದೆ, ಶುರುವಿನಲ್ಲಿ ಸರಿಯಾಗಿಯೇ ಇರುತ್ತದೆ, ಆದರೆ ಸಿನಿಮಾ ಮುಂದೆ ಹೋದ ಹಾಗೆ ಸಾಲುಗಳು ಮಾತಿಗಿಂತ ಮೊದಲೇ ಬಂದು ಹೋಗುತ್ತವೆ, ಕೊನೆಕೊನೆಗೆ ಯಾವ ಸಾಲು ಯಾರದ್ದು ಅಂತಲೇ ಗೊತ್ತಾಗುವುದಿಲ್ಲ. ಮೂರನೆಯದು ಕನ್ನಡ ಅಕ್ಷರದಲ್ಲೇ ಇರುವ ಎಸ್‌ಆರ್‌ಟಿ. ಅದರಲ್ಲಿ ಅಕ್ಷರದ ಜಾಗದಲ್ಲಿ ಯಾವುದೋ ವಿಚಿತ್ರ ಚಿಹ್ನೆಗಳು ಸಾಲುಗಟ್ಟಿ ಬರುತ್ತವೆ.

ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಅನ್ನುವ ವಿಡಿಯೊ ತಂತ್ರಾಂಶದಲ್ಲಿ ಹಾಕಿದರೆ ಮೂರೂ ಕಾಣಿಸುತ್ತವೆ. ಲ್ಯಾಪ್‌ಟಾಪನ್ನೇ ಟಿವಿಗೆ ಸಿಕ್ಕಿಸಿ ಅಂತ ಮಾತ್ರ ಹೇಳಬೇಡಿ. ಅಪ್ಪನಿಗೆ ಈ ರಿಮೋಟ್ ಕೈಗೆ ಕೂತಿದೆ, ನಾನು ಇಲ್ಲದಾಗಲೂ ಅವರೇ ಹಾಕಿಕೊಂಡು ನೋಡುವಂತಿರಬೇಕು.

ಬೈಟುಗಾರ:

ಮೂರೂ ಬೇರೆ ಬೇರೆ ಕಾಯಿಲೆ, ಒಂದೇ ಔಷಧಿ ಆಗುವುದಿಲ್ಲ. ಮೊದಲನೆಯದನ್ನು ಹೇಳುತ್ತೇನೆ, ಯಾಕಂದ್ರೆ ಅದು ಸರಿಹೋದರೆ ಉಳಿದದ್ದು ಅರ್ಥವಾಗುವುದು ಸುಲಭ.

ವಿಎಲ್‌ಸಿಯಂಥ ಪ್ಲೇಯರ್ ಫೈಲಿನಲ್ಲಿ ಸಣ್ಣಪುಟ್ಟ ತಪ್ಪಿದ್ದರೂ ಊಹಿಸಿಕೊಂಡು ತೋರಿಸಿಬಿಡುತ್ತದೆ. ಡಿವಿಡಿ ಪ್ಲೇಯರ್ ಒಳಗಿರುವುದು ಒಂದು ಸಣ್ಣ ಚಿಪ್, ಸ್ವಲ್ಪವೇ ಮೆಮೊರಿ. ಅದಕ್ಕೆ ಊಹಿಸುವ ತಾಕತ್ತಿಲ್ಲ. ನೀವು ಕೊಡುವ ಫೈಲ್ ಅದಕ್ಕೆ ಗೊತ್ತಿರುವ ರೂಪದಲ್ಲೇ ಇರಬೇಕು, ಇಲ್ಲದಿದ್ದರೆ ಅದು ಫೈಲನ್ನು ನೋಡಿಯೂ ನೋಡದ ಹಾಗೆ ಬಿಟ್ಟುಬಿಡುತ್ತದೆ. ಯಾಕೆ ಬಿಟ್ಟೆ ಅಂತಲೂ ಹೇಳುವುದಿಲ್ಲ.

ಮೊದಲು ಹೆಸರು ನೋಡಿ. ಸಿನಿಮಾ ಮತ್ತು ಸಬ್‌ಟೈಟಲ್ ಎರಡೂ ಒಂದೇ ಫೋಲ್ಡರ್‌ನಲ್ಲಿ, ಒಂದೇ ಹೆಸರಲ್ಲಿ ಇರಬೇಕು, ಡಾಟ್ ಆದ ಮೇಲಿನ ಭಾಗ ಮಾತ್ರ ಬೇರೆ. ಸಬ್‌ಟೈಟಲ್ ಹೆಸರಿನ ಕೊನೆಗೆ ಭಾಷೆಯ ಹೆಸರು, ಇಸವಿ ಏನಾದರೂ ಅಂಟಿಕೊಂಡಿದ್ದರೆ ತೆಗೆಯಿರಿ. ಹೆಸರು ಎಂಟು ಅಕ್ಷರದೊಳಗೆ, ಬರೀ ಇಂಗ್ಲಿಷ್ ಅಕ್ಷರ ಮತ್ತು ಅಂಕಿಯಲ್ಲಿ ಇರಲಿ, ನಡುವೆ ಜಾಗ ಬೇಡ, ಮಧ್ಯದಲ್ಲಿ ಇನ್ನೊಂದು ಡಾಟ್ ಬೇಡ. ಉದ್ದ ಹೆಸರನ್ನು ತೆಗೆದುಕೊಳ್ಳುವ ಪ್ಲೇಯರ್‌ಗಳೂ ಇವೆ, ಆದರೆ ಪರೀಕ್ಷೆ ಮಾಡುವಾಗ ಚಿಕ್ಕದರಿಂದಲೇ ಶುರು ಮಾಡಿ. ಇನ್ನೊಂದು, ವಿಂಡೋಸ್ ಫೈಲಿನ ಎಕ್ಸ್‌ಟೆನ್ಶನ್ ಅಡಗಿಸಿಡುತ್ತದೆ. ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡಿದ ಫೈಲ್ ಹೊರಗೆ ಎಸ್‌ಆರ್‌ಟಿ ಅಂತ ಕಂಡರೂ ಒಳಗೆ ಅದರ ಹಿಂದೆ ಟಿಎಕ್ಸ್‌ಟಿ ಇರಬಹುದು. ಫೋಲ್ಡರ್‌ನ ವ್ಯೂ ಮೆನುವಿನಲ್ಲಿ ಎಕ್ಸ್‌ಟೆನ್ಶನ್ ತೋರಿಸು ಅಂತ ಹಾಕಿ ಒಮ್ಮೆ ನೋಡಿಬಿಡಿ.

ಆಮೇಲೆ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಫೈಲಿನಲ್ಲಿ ಬೈಟ್‌ಗಳಾಗಿ ಬರೆದಿಡುವ ಪದ್ಧತಿ. ನನ್ನ ಅನುಮಾನ ಜಾಸ್ತಿ ಇರುವುದು ಇಲ್ಲೇ. ಇಂಥ ಪ್ಲೇಯರ್‌ಗಳಲ್ಲಿ ಹೆಚ್ಚಿನವು ಎಎನ್‌ಎಸ್‌ಐ, ಅಂದರೆ ಒಂದು ಅಕ್ಷರಕ್ಕೆ ಒಂದು ಬೈಟ್ ಇರುವ ಹಳೇ ಪದ್ಧತಿಯನ್ನೇ ನಂಬಿಕೊಂಡಿವೆ. ಈಗ ಸಿಗುವ ಸಬ್‌ಟೈಟಲ್‌ಗಳು ಬಹಳಷ್ಟು ಯುಟಿಎಫ್-8ರಲ್ಲಿ, ಅಂದರೆ ಒಂದು ಅಕ್ಷರಕ್ಕೆ ಒಂದಕ್ಕಿಂತ ಹೆಚ್ಚು ಬೈಟ್ ಕೂಡ ಹಿಡಿಯುವ ಹೊಸ ಪದ್ಧತಿಯಲ್ಲಿ ಇರುತ್ತವೆ. ಅದರಲ್ಲೂ ಕೆಲವದರ ಶುರುವಿನಲ್ಲಿ ಆ ಪದ್ಧತಿಯ ಗುರುತಾಗಿ ಬಿಒಎಂ ಅಂತ ಮೂರು ಬೈಟ್ ಇರುತ್ತದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಫೈಲ್ ಶುರುವಾಗುವುದು 1 ಅನ್ನುವ ಅಂಕಿಯಿಂದ ಅಂತ ಪ್ಲೇಯರ್ ಕಾದಿರುತ್ತದೆ, ಅದಕ್ಕೆ ಸಿಗುವುದು ಈ ಮೂರು ಬೈಟ್. ಅಲ್ಲಿಗೆ ಇದು ಎಸ್‌ಆರ್‌ಟಿಯೇ ಅಲ್ಲ ಅಂತ ಪಕ್ಕಕ್ಕೆ ಇಟ್ಟುಬಿಡುವ ಪ್ಲೇಯರ್‌ಗಳಿವೆ. ಪ್ರತಿ ಅಕ್ಷರಕ್ಕೂ ಕನಿಷ್ಠ ಎರಡು ಬೈಟ್ ಹಿಡಿಯುವ ಯುಟಿಎಫ್-16ರಲ್ಲಿ ಇದ್ದರಂತೂ ಕೇಳುವುದೇ ಬೇಡ. ಹಳೇ ನೋಟ್‌ಪ್ಯಾಡ್‌ನಲ್ಲಿ ಯುನಿಕೋಡ್ ಅಂತ ಬರೀ ಒಂದೇ ಪದದಲ್ಲಿ ತೋರಿಸುತ್ತಿದ್ದದ್ದು ಇದನ್ನೇ. ಪರಿಹಾರ ಸುಲಭ: ನೋಟ್‌ಪ್ಯಾಡ್‌ನಲ್ಲಿ ತೆರೆದು, ಸೇವ್ ಆ್ಯಸ್‌ಗೆ ಹೋಗಿ, ಕೆಳಗೆ ಎನ್‌ಕೋಡಿಂಗ್ ಜಾಗದಲ್ಲಿ ಎಎನ್‌ಎಸ್‌ಐ ಆರಿಸಿ ಸೇವ್ ಮಾಡಿ. ಇಂಗ್ಲಿಷ್ ಸಬ್‌ಟೈಟಲ್ ಆದರೆ ಏನೂ ಕಳೆದುಹೋಗುವುದಿಲ್ಲ, ಹೆಚ್ಚೆಂದರೆ ಸಂಗೀತದ ಗುರುತಿನಂಥ ಚಿಹ್ನೆಗಳು ಪ್ರಶ್ನೆ ಚಿಹ್ನೆ ಆಗುತ್ತವೆ.

ತೆರೆದಾಗಲೇ ಒಳಗಿನ ರೂಪವನ್ನೂ ನೋಡಿ. ಮೊದಲು ಅಂಕಿ, ಅದರ ಕೆಳಗೆ ಸಮಯದ ಸಾಲು,

00:01:20,500 --> 00:01:23,000

ಹೀಗೆ, ಸೆಕೆಂಡ್ ಆದ ಮೇಲೆ ಕಾಮಾ ಇರಬೇಕು, ಚುಕ್ಕಿ ಅಲ್ಲ. ಅದರ ಕೆಳಗೆ ಮಾತು, ಆಮೇಲೆ ಒಂದು ಖಾಲಿ ಸಾಲು. ಮಾತಿನ ಎರಡು ಸಾಲಿನ ನಡುವೆಯೇ ಖಾಲಿ ಸಾಲು ನುಸುಳಿದ್ದರೆ ಪ್ಲೇಯರ್ ಅಲ್ಲೇ ದಾರಿ ತಪ್ಪುತ್ತದೆ. ಬಣ್ಣ, ಫಾಂಟ್ ಅಂತ ಕೋನಾಕಾರದ ಆವರಣದಲ್ಲಿ ಏನಾದರೂ ಬರೆದಿದ್ದರೆ ಅದನ್ನೂ ತೆಗೆಯಿರಿ, ಇಲ್ಲದಿದ್ದರೆ ಅದೂ ಪರದೆಯ ಮೇಲೆ ಮಾತಿನ ಜೊತೆ ಬಂದು ಕೂರುತ್ತದೆ.

ಅದೇ ಫೋಲ್ಡರ್‌ನಲ್ಲಿ ಅದೇ ಹೆಸರಿನ ಎಸ್‌ಯುಬಿ ಫೈಲ್ ಕೂಡ ಇದೆಯಾ? ಇದ್ದರೆ ತೆಗೆದಿಡಿ. ಎಸ್‌ಯುಬಿ ಅನ್ನುವುದು ಎರಡು ಬೇರೆ ಬೇರೆ ಜಾತಿಗೆ ಒಂದೇ ಹೆಸರು. ಒಂದು ಮೈಕ್ರೋಡಿವಿಡಿ, ಅದು ಬರೀ ಅಕ್ಷರ, ಸಮಯದ ಬದಲು ಫ್ರೇಮ್ (ವಿಡಿಯೊದ ಒಂದೊಂದು ಚಿತ್ರ) ಸಂಖ್ಯೆ ಬರೆದಿರುತ್ತದೆ. ಇನ್ನೊಂದು ವೊಬ್‌ಸಬ್, ಪಕ್ಕದಲ್ಲಿ ಐಡಿಎಕ್ಸ್ ಫೈಲ್ ಇರುತ್ತದೆ, ಒಳಗಿರುವುದು ಚಿತ್ರಗಳು, ಗಾತ್ರವೂ ಮೆಗಾಬೈಟ್‌ಗಳಲ್ಲಿ. ಪ್ಲೇಯರ್ ಎಸ್‌ಆರ್‌ಟಿ ಬಿಟ್ಟು ಅದನ್ನು ಹಿಡಿಯಲು ಹೋದರೆ ಎರಡೂ ಇಲ್ಲದ ಹಾಗೆ ಆಗುತ್ತದೆ.

ಕತ್ತರಿಪ್ರಯೋಗ:

ಇಷ್ಟೆಲ್ಲ ಯಾಕೆ? ಮೂರಕ್ಕೂ ಸಬ್‌ಟೈಟಲನ್ನು ವಿಡಿಯೊದೊಳಗೇ ಅಚ್ಚು ಹಾಕಿಬಿಡಿ. ವರ್ಚುವಲ್‌ಡಬ್ ಅನ್ನುವ ವಿಡಿಯೊ ತಂತ್ರಾಂಶದಲ್ಲಿ ಸಬ್‌ಟೈಟಲ್ ಬರೆಯುವ ವಿಎಸ್‌ಫಿಲ್ಟರ್ ಸೇರಿಸಿ ಸಬ್‌ಟೈಟಲ್ ಕೊಟ್ಟು, ವಿಡಿಯೊ ಹಿಂಡುವ ಎಕ್ಸ್‌ವಿಡ್‌ನಲ್ಲಿ ಮತ್ತೆ ಎವಿಐ ತೆಗೆದರೆ ಅಕ್ಷರಗಳು ಚಿತ್ರದ ಭಾಗವೇ ಆಗಿರುತ್ತವೆ. ಪ್ಲೇಯರ್‌ಗೆ ಅಲ್ಲೊಂದು ಸಬ್‌ಟೈಟಲ್ ಇದೆ ಅಂತ ಗೊತ್ತೇ ಆಗುವುದಿಲ್ಲ, ಹಾಗಾಗಿ ಕೈಕೊಡುವ ಪ್ರಶ್ನೆಯೇ ಇಲ್ಲ. ಧ್ವನಿಯನ್ನು ಮುಟ್ಟಬೇಡಿ, ಡೈರೆಕ್ಟ್ ಸ್ಟ್ರೀಮ್ ಕಾಪಿ ಅಂತ ಬಿಡಿ. ವಿಡಿಯೊ ಮಾತ್ರ ಫುಲ್ ಪ್ರೊಸೆಸಿಂಗ್.

ಎಕ್ಸ್‌ವಿಡ್ ಸೆಟ್ಟಿಂಗ್‌ನಲ್ಲಿ ಕ್ಯೂಪೆಲ್ ಮತ್ತು ಜಿಎಂಸಿ ಅನ್ನುವ ಆಯ್ಕೆಗಳು ಎರಡೂ ಬಂದ್ ಇರಲಿ. ಅವು ಇದ್ದರೆ ಬಹಳ ಪ್ಲೇಯರ್‌ಗಳಲ್ಲಿ ಚಿತ್ರ ಒಡೆಯುತ್ತದೆ, ಇಲ್ಲವೇ ಓಡುವುದೇ ಇಲ್ಲ. ಚಿತ್ರದ ಅಳತೆ 720×576 ಪಿಕ್ಸೆಲ್ ದಾಟಬಾರದು. ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೊ ಪರಿವರ್ತಕ ಬಳಸಿ ಅಂತ ಯಾರಾದರೂ ಹೇಳಿದರೆ ಈ ಕೆಲಸಕ್ಕೆ ಅದು ಬೇಡ. ಅದರಿಂದ ಬರುವುದು ಎಂಪಿ4 ಅಥವಾ ಎಂಕೆವಿ, ಇಷ್ಟು ಹಳೇ ಪ್ಲೇಯರ್ ಅದನ್ನು ತೆರೆಯುವ ಭರವಸೆ ಇಲ್ಲ.

ನಿಧಾನವಾಗಿ:

ಕತ್ತರಿಪ್ರಯೋಗ ಅವರೇ, ನಿಮ್ಮ ದಾರಿ ಕೆಲಸ ಮಾಡುತ್ತದೆ, ಅದು ನಿಜ. ಆದರೆ ಮೂರಕ್ಕೂ ಅದೇ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಚ್ಚು ಹಾಕುವುದೆಂದರೆ ಇಡೀ ಸಿನಿಮಾವನ್ನು ಮತ್ತೊಮ್ಮೆ ಎನ್‌ಕೋಡ್ ಮಾಡುವುದು. ಒಮ್ಮೆ ಹಿಂಡಿದ ವಿಡಿಯೊವನ್ನೇ ಮತ್ತೆ ಹಿಂಡುತ್ತೀರಿ, ಚಿತ್ರ ಮಸುಕಾಗುತ್ತದೆ, ಕತ್ತಲೆ ದೃಶ್ಯಗಳಲ್ಲಿ ಚೌಕ ಚೌಕ ಕಾಣಿಸುತ್ತದೆ. ಆಮೇಲೆ ಒಂದು ಸಾಲು ತಪ್ಪಿದೆ ಅಂತ ಗೊತ್ತಾದರೂ ತಿದ್ದಲಾಗುವುದಿಲ್ಲ, ಪುನಃ ಮೊದಲಿಂದ ಶುರು. ಎರಡು ನಿಮಿಷದಲ್ಲಿ ಎಎನ್‌ಎಸ್‌ಐ ಮಾಡಿ ಸರಿಹೋಗುವುದಕ್ಕೆ ಯಾಕೆ ಸಿನಿಮಾವನ್ನೇ ಹಾಳು ಮಾಡಬೇಕು? ಅಚ್ಚು ಹಾಕುವುದು ಕೊನೆಯ ದಾರಿ ಆಗಿರಲಿ. ಹಾಕಿದರೂ ಮೂಲ ಎವಿಐ ಮತ್ತು ಎಸ್‌ಆರ್‌ಟಿ ಎರಡನ್ನೂ ಅಳಿಸಬೇಡಿ.

ಹಳೇರಿಮೋಟ್ ಅವರ ಎರಡನೇ ಸಿನಿಮಾಗೆ ಬರುತ್ತೇನೆ. ಶುರುವಿನಲ್ಲಿ ಸರಿ, ಬರಬರುತ್ತಾ ಮುಂದೆ ಓಡುತ್ತದೆ ಅಂದಿರಿ. ಅದನ್ನು ಕೇಳಿದ ಕೂಡಲೇ ಗೊತ್ತಾಗುತ್ತದೆ, ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಓಡುವ ಚಿತ್ರಗಳ ಲೆಕ್ಕ, ಹೊಂದುತ್ತಿಲ್ಲ. ಸಬ್‌ಟೈಟಲ್ ತಯಾರಿಸಿದವರ ಕೈಯಲ್ಲಿದ್ದದ್ದು ಸೆಕೆಂಡಿಗೆ 25 ಫ್ರೇಮ್‌ನ ಪಾಲ್ (ಒಂದು ಟಿವಿ ಪದ್ಧತಿ) ಪ್ರತಿ. ನಿಮ್ಮ ಹತ್ತಿರ ಇರುವುದು 23.976ರದ್ದು. ಒಂದೇ ಸಿನಿಮಾ, ಆದರೆ 25ರಲ್ಲಿ ಓಡಿಸಿದಾಗ ಸ್ವಲ್ಪ ಬೇಗ ಮುಗಿಯುತ್ತದೆ. ವ್ಯತ್ಯಾಸ ಶೇಕಡಾ 4ರಷ್ಟು, ನೋಡುವಾಗ ಗೊತ್ತೇ ಆಗುವುದಿಲ್ಲ, ಆದರೆ ಒಂದು ಗಂಟೆ ಕಳೆಯುವಷ್ಟರಲ್ಲಿ ಸಾಲುಗಳು ಸುಮಾರು ಎರಡೂವರೆ ನಿಮಿಷ ಮುಂದೆ ಹೋಗಿರುತ್ತವೆ. ಸಬ್‌ಟೈಟಲ್ ಎಡಿಟ್ ಅನ್ನುವ ಉಚಿತ ತಂತ್ರಾಂಶ ಇದೆ. ಅದರಲ್ಲಿ ಫ್ರೇಮ್ ರೇಟ್ ಬದಲಿಸುವ ಆಯ್ಕೆಗೆ ಹೋಗಿ 25ರಿಂದ 23.976ಕ್ಕೆ ಅಂತ ಕೊಡಿ, ಎಲ್ಲ ಸಮಯಗಳೂ ಒಂದೇ ಅಳತೆಯಲ್ಲಿ ಹಿಗ್ಗುತ್ತವೆ. ಮೊದಲು ನಿಮ್ಮ ಎವಿಐ ನಿಜವಾಗಿ ಎಷ್ಟು ಫ್ರೇಮ್‌ನದು ಅಂತ ನೋಡಿಕೊಳ್ಳಿ, ಮೀಡಿಯಾಇನ್ಫೊ ಅನ್ನುವ ತಂತ್ರಾಂಶ ಹೇಳುತ್ತದೆ.

ಶುರುವಿನಿಂದ ಕೊನೆವರೆಗೂ ಒಂದೇ ಅಂತರದಲ್ಲಿ ತಪ್ಪುತ್ತಿದ್ದರೆ ಇದು ಬೇಡ, ಎಲ್ಲವನ್ನೂ ಅಷ್ಟೇ ಸೆಕೆಂಡ್ ಹಿಂದೆ ಮುಂದೆ ಮಾಡಿದರೆ ಸಾಕು. ಸರಿ ಇದ್ದದ್ದು ಮಧ್ಯದಲ್ಲಿ ಒಂದು ಕಡೆ ದಿಢೀರ್ ಅಂತ ತಪ್ಪಿದರೆ ನಿಮ್ಮ ಪ್ರತಿಯಲ್ಲಿ ಯಾವುದೋ ತುಣುಕು ಕತ್ತರಿಸಿದ್ದಾರೆ ಅಂತ ಅರ್ಥ, ಅಲ್ಲಿಂದ ಮುಂದಿನ ಸಾಲುಗಳನ್ನು ಮಾತ್ರ ಸರಿಸಬೇಕು. ಈ ಮೂರನ್ನು ಬೇರೆ ಬೇರೆಯಾಗಿ ಗುರುತಿಸುವುದೇ ಮುಖ್ಯ, ಇಲ್ಲದಿದ್ದರೆ ಒಂದು ಕಡೆ ಸರಿ ಮಾಡಿ ಇನ್ನೊಂದು ಕಡೆ ಕೆಡಿಸುತ್ತಾ ಹೋಗುತ್ತೀರಿ.

ಹಳೇರಿಮೋಟ್:

ತುಂಬಾ ಥ್ಯಾಂಕ್ಸ್. ಮೊದಲನೆಯದು ಬಂತು! ಯುಟಿಎಫ್-8 ಬಿಒಎಂ ಇತ್ತು, ಎಎನ್‌ಎಸ್‌ಐ ಮಾಡಿ ಚಿಕ್ಕ ಹೆಸರು ಕೊಟ್ಟ ತಕ್ಷಣ ಸಬ್‌ಟೈಟಲ್ ಬಟನ್ ಒತ್ತಿದರೆ 1/1 ಅಂತ ತೋರಿಸಿತು. ಎರಡನೆಯದು 23.976 ಅಂತಲೇ ಮೀಡಿಯಾಇನ್ಫೊ ಹೇಳಿತು, ಬದಲಿಸಿ ಕೊನೆಯ ಭಾಗವನ್ನೂ ಓಡಿಸಿ ನೋಡಿದೆ, ತುಟಿಗೆ ಸರಿಯಾಗಿ ಬರುತ್ತಿದೆ. ಉದ್ದ ಸಾಲುಗಳು ಮಾತ್ರ ಎರಡೂ ಅಂಚಿನಲ್ಲಿ ಕತ್ತರಿಸಿ ಹೋಗುತ್ತಿವೆ.

ಕನ್ನಡದ್ದು ಎಎನ್‌ಎಸ್‌ಐ ಮಾಡಲು ಹೋದರೆ ಅಕ್ಷರ ಕಳೆದುಹೋಗುತ್ತದೆ ಅಂತ ನೋಟ್‌ಪ್ಯಾಡೇ ಎಚ್ಚರಿಸುತ್ತಿದೆ, ಹಾಗಾಗಿ ನಿಲ್ಲಿಸಿದ್ದೇನೆ. ಅಪ್ಪನಿಗೆ ಇಂಗ್ಲಿಷ್ ಓದಲು ಬರುತ್ತದೆ, ಆದರೆ ಕನ್ನಡ ಆದರೆ ಒಂದು ನೋಟಕ್ಕೆ ಓದಿಬಿಡುತ್ತಾರೆ. ಪ್ಲೇಯರ್‌ನ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಬದಲಿಸಿದರೆ ಕನ್ನಡ ಬರುತ್ತದಾ?

ಬೈಟುಗಾರ:

ನಿಲ್ಲಿಸಿದ್ದು ಒಳ್ಳೆಯದಾಯಿತು, ಸೇವ್ ಮಾಡಿದ್ದರೆ ಇಡೀ ಫೈಲ್ ಪ್ರಶ್ನೆ ಚಿಹ್ನೆಗಳಾಗಿ ಉಳಿಯುತ್ತಿತ್ತು.

ಫರ್ಮ್‌ವೇರ್ ಕಡೆ ದಯವಿಟ್ಟು ಹೋಗಬೇಡಿ. ನಿಮ್ಮದೇ ಮಾದರಿಯ ಸಂಖ್ಯೆಗೆ ಅಂತ ತಯಾರಕರೇ ಕೊಟ್ಟದ್ದಲ್ಲದೆ ಬೇರೆ ಏನು ಹಾಕಿದರೂ ಪ್ಲೇಯರ್ ಪೂರ್ತಿ ಸತ್ತುಹೋಗಬಹುದು, ನೋಡಲು ಅದೇ ಥರ ಇರುವ ಇನ್ನೊಂದು ಮಾದರಿಯದ್ದೂ ಆಗುವುದಿಲ್ಲ. ಸರಿಯಾದದ್ದು ಸಿಕ್ಕಿದರೂ ಕನ್ನಡಕ್ಕೆ ಉಪಯೋಗ ಆಗುವುದು ಕಷ್ಟ. ಕಾರಣ ಹೇಳುತ್ತೇನೆ.

ಪ್ಲೇಯರ್ ಒಳಗಿನ ಫಾಂಟ್ ಅಂದರೆ ಒಂದು ಬೈಟಿಗೆ ಒಂದು ಗುರುತು, ಒಟ್ಟು 256 ಮನೆಗಳು. ಸೆಟಪ್ ಮೆನುವಿನಲ್ಲಿ ಪಶ್ಚಿಮ ಯುರೋಪ್, ಮಧ್ಯ ಯುರೋಪ್, ಸಿರಿಲಿಕ್ ಅಂತ ಆಯ್ಕೆ ಇದ್ದರೆ ಅದು ಆ 256 ಮನೆಗಳಲ್ಲಿ ಯಾವ ಅಕ್ಷರ ಕೂರಿಸಬೇಕು ಅನ್ನುವುದಷ್ಟೆ. ಕನ್ನಡದ ಒಂದೊಂದು ಅಕ್ಷರಚಿಹ್ನೆಯೂ ಯುಟಿಎಫ್-8ರಲ್ಲಿ ಮೂರು ಬೈಟ್. ಪ್ಲೇಯರ್ ಆ ಮೂರನ್ನೂ ಮೂರು ಬೇರೆ ಗುರುತು ಅಂದುಕೊಂಡು ಬರೆಯುತ್ತದೆ, ನಿಮಗೆ ಕಾಣಿಸುತ್ತಿರುವ ವಿಚಿತ್ರ ಚಿಹ್ನೆಗಳ ಸಾಲು ಅದೇ. ಹೇಗೋ ಫಾಂಟ್ ಇದೆ ಅಂದುಕೊಂಡರೂ ಕೆಲಸ ಮುಗಿಯಲಿಲ್ಲ. ಕನ್ನಡದಲ್ಲಿ ಕಾಗುಣಿತ ಅಕ್ಷರಕ್ಕೆ ಸೇರಿಕೊಳ್ಳಬೇಕು, ಒತ್ತಕ್ಷರ ಕೆಳಗೆ ಹೋಗಬೇಕು, ಅರ್ಕಾವತ್ತು ಆಚೆ ಬರಬೇಕು. ಇದನ್ನೆಲ್ಲ ಲೆಕ್ಕ ಹಾಕಿ ಜೋಡಿಸುವ ತಂತ್ರಾಂಶ ಆ ಚಿಪ್‌ನಲ್ಲಿ ಇಲ್ಲ. ದೇವನಾಗರಿಗೂ ಇದೇ ಗತಿ, ತಮಿಳಿಗೂ ಇದೇ ಗತಿ.

ಉದ್ದ ಸಾಲಿನದ್ದು ಸುಲಭ. ಹಳೇ ಟಿವಿಗಳು ಅಂಚಿನ ಸ್ವಲ್ಪ ಭಾಗವನ್ನು ತೋರಿಸುವುದಿಲ್ಲ, ಪ್ಲೇಯರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆಯುತ್ತದೆ. ಸಾಲಿಗೆ 35 ಅಕ್ಷರದ ಆಸುಪಾಸಿನಲ್ಲಿ ಮುರಿದು, ಹೆಚ್ಚೆಂದರೆ ಎರಡು ಸಾಲು ಮಾಡಿ. ಸಬ್‌ಟೈಟಲ್ ಎಡಿಟ್‌ನಲ್ಲಿ ಎಲ್ಲವನ್ನೂ ಒಟ್ಟಿಗೇ ಮುರಿಯಬಹುದು.

ನಿಧಾನವಾಗಿ:

ಬೈಟುಗಾರ ಹೇಳಿದ್ದು ಸರಿ. ಪ್ಲೇಯರ್‌ಗೆ ಕನ್ನಡ ಬರೆಯಲು ಬರುವುದಿಲ್ಲ. ಆದರೆ ಬರೆದಿಟ್ಟ ಚಿತ್ರವನ್ನು ತೋರಿಸಲು ಬರುತ್ತದೆ, ಎಲ್ಲ ಡಿವಿಡಿ ಪ್ಲೇಯರ್‌ಗೂ ಬರುತ್ತದೆ. ಹಾಗಾಗಿ ಕನ್ನಡದ ಆ ಒಂದು ಸಿನಿಮಾವನ್ನು ಸರಿಯಾದ ಡಿವಿಡಿಯನ್ನಾಗಿ ಮಾಡಿ ಅನ್ನುವುದು ನನ್ನ ಸಲಹೆ.

ಅಂಗಡಿಯಲ್ಲಿ ಸಿಗುವ ಡಿವಿಡಿಯಲ್ಲಿ ಸಬ್‌ಟೈಟಲ್ ಅಕ್ಷರವಾಗಿ ಇರುವುದೇ ಇಲ್ಲ. ಪ್ರತಿ ಸಾಲೂ ಒಂದು ಸಣ್ಣ ಚಿತ್ರ, ಅದಕ್ಕೆ ಸಬ್‌ಪಿಕ್ಚರ್ ಅನ್ನುತ್ತಾರೆ. ಒಂದು ಚಿತ್ರಕ್ಕೆ ನಾಲ್ಕೇ ಬಣ್ಣ, ಅದರಲ್ಲೇ ಒಂದು ಹಿನ್ನೆಲೆಗೆ ಹೋಗುತ್ತದೆ. ಇಂಥ ಸಬ್‌ಟೈಟಲ್ ಟ್ರ್ಯಾಕ್‌ಗಳು, ಅಂದರೆ ಭಾಷೆಗೊಂದರಂತೆ ಪೂರ್ತಿ ಸಬ್‌ಟೈಟಲ್‌ಗಳು, ಒಂದು ಸಿನಿಮಾಗೆ 32ರವರೆಗೆ ಇರಬಹುದು. ಪ್ಲೇಯರ್ ಮಾಡುವುದು ಆ ಚಿತ್ರವನ್ನು ತೆಗೆದು ವಿಡಿಯೊ ಮೇಲೆ ಇಡುವುದಷ್ಟೆ. ಅದು ಕನ್ನಡವೋ ಚೀನಿಯೋ ಅದಕ್ಕೆ ಗೊತ್ತಿಲ್ಲ, ಗೊತ್ತಿರಬೇಕಾಗೂ ಇಲ್ಲ. ಅಕ್ಷರ ಜೋಡಿಸುವ ಕೆಲಸ ನಿಮ್ಮ ಕಂಪ್ಯೂಟರ್‌ನಲ್ಲೇ ಮುಗಿದಿರುತ್ತದೆ. ಅಚ್ಚು ಹಾಕಿದ ಹಾಗೆ ಅಂಟಿಕೊಂಡೂ ಇರುವುದಿಲ್ಲ, ರಿಮೋಟ್‌ನಲ್ಲಿ ಬೇಕಾದಾಗ ಹಾಕಬಹುದು, ಬೇಡವಾದಾಗ ತೆಗೆಯಬಹುದು, ಕನ್ನಡದ ಜೊತೆ ಇಂಗ್ಲಿಷನ್ನೂ ಇಟ್ಟುಕೊಳ್ಳಬಹುದು. ನಿಮ್ಮ ಅಪ್ಪನಿಗೆ ಇದೇ ಸರಿ ಅಂತ ನನಗೆ ಅನ್ನಿಸುತ್ತದೆ.

ಡಿವಿಡಿ ತಯಾರಿಸುವ ಡಿವಿಡಿಸ್ಟೈಲರ್ ಅನ್ನುವ ತಂತ್ರಾಂಶ ಉಚಿತ. ವಿಡಿಯೊ ಸೇರಿಸಿ, ಅದರ ಪ್ರಾಪರ್ಟೀಸ್‌ನಲ್ಲಿ ಎಸ್‌ಆರ್‌ಟಿ ಕೊಟ್ಟರೆ ಎಂಪೆಗ್-2 (ಡಿವಿಡಿಯ ವಿಡಿಯೊ ರೂಪ) ಮಾಡಿ, ಸಬ್‌ಪಿಕ್ಚರ್ ಸೇರಿಸಿ, ವಿಒಬಿ (ಸಿನಿಮಾ ಇರುವ ಫೈಲ್) ಮತ್ತು ಐಎಫ್‌ಒ (ಡಿಸ್ಕ್‌ನಲ್ಲಿ ಏನೇನಿದೆ ಅಂತ ಹೇಳುವ ಫೈಲ್) ಎಲ್ಲ ತಯಾರಿಸಿ ಕೊಡುತ್ತದೆ. ಇಲ್ಲಿ ಎಸ್‌ಆರ್‌ಟಿ ಯುಟಿಎಫ್-8ರಲ್ಲೇ ಇರಲಿ, ಕನ್ನಡ ಇರುವ ಫಾಂಟನ್ನೇ ಆರಿಸಿ. ಪೂರ್ತಿ ಮಾಡುವ ಮೊದಲು ಸಿನಿಮಾದ ಒಂದು ಸಣ್ಣ ತುಣುಕಿನಲ್ಲಿ ಪರೀಕ್ಷಿಸಿ. ಒತ್ತಕ್ಷರಗಳು ಕೆಳಗೆ ಹೋಗದೆ ಪಕ್ಕದಲ್ಲೇ ಬಿಡಿಬಿಡಿಯಾಗಿ ನಿಂತಿದ್ದರೆ ಆ ತಂತ್ರಾಂಶ ಕನ್ನಡವನ್ನು ಜೋಡಿಸುತ್ತಿಲ್ಲ ಅಂತ ಅರ್ಥ. ಆಗ ಸಬ್‌ಟೈಟಲ್ ಎಡಿಟ್‌ನಿಂದಲೇ ವೊಬ್‌ಸಬ್ ರೂಪದಲ್ಲಿ ಚಿತ್ರಗಳನ್ನು ಹೊರಗೆ ತೆಗೆದು, ವೊಬ್‌ಸಬ್ ತೆಗೆದುಕೊಳ್ಳುವ ಡಿವಿಡಿ ತಂತ್ರಾಂಶಕ್ಕೆ ಕೊಡಿ. ಅಕ್ಷರ ಸ್ವಲ್ಪ ದಪ್ಪ ಇರಲಿ, ಕಪ್ಪು ಅಂಚು ಇರಲಿ. 720×576 ಚಿತ್ರದಲ್ಲಿ ಸಣ್ಣ ಒತ್ತಕ್ಷರಗಳು ಬೇಗ ಕಲಸಿಹೋಗುತ್ತವೆ, ಇಂಗ್ಲಿಷ್‌ಗಿಂತ ಒಂದು ಅಳತೆ ದೊಡ್ಡದೇ ಬೇಕು. ಎರಡು ಸಾಲಿನ ನಡುವೆಯೂ ಜಾಗ ಬಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಮುಟ್ಟಬಾರದು.

ಇಲ್ಲೂ ವಿಡಿಯೊ ಮತ್ತೆ ಎನ್‌ಕೋಡ್ ಆಗುತ್ತದೆ, ಅದನ್ನು ತಪ್ಪಿಸುವ ಹಾಗಿಲ್ಲ. ಆದರೆ 4.7 ಜಿಬಿ ಡಿಸ್ಕ್‌ನಲ್ಲಿ ಒಂದೇ ಸಿನಿಮಾ ಇಟ್ಟರೆ ಜಾಗ ಧಾರಾಳ ಇರುವುದರಿಂದ ನಷ್ಟ ಕಮ್ಮಿ.

ಕತ್ತರಿಪ್ರಯೋಗ:

ಕನ್ನಡಕ್ಕೆ ಡಿವಿಡಿ ಮಾಡುವುದು ಒಳ್ಳೆಯದೇ, ಒಪ್ಪಿದೆ. ಆದರೂ ಡಿಸ್ಕ್ ಬರೆಯುವ ಡ್ರೈವ್ ಈಗ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲ. ಇವರಿಗೆ ಇಲ್ಲದಿದ್ದರೆ ಪೆನ್ ಡ್ರೈವ್‌ಗೆ ಅಂತ ಅಚ್ಚು ಹಾಕುವುದೊಂದೇ ಉಳಿಯುವುದು. ಆಗ ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೊ ತಂತ್ರಾಂಶದ ಸಬ್‌ಟೈಟಲ್ಸ್ ಫಿಲ್ಟರ್ ಬಳಸಿ. ಅದರ ಹಿಂದೆ ಸಬ್‌ಟೈಟಲ್ ಬರೆಯಲು ಇರುವುದು ಲಿಬ್‌ಆ್ಯಸ್, ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಇರುತ್ತದೆ, ಹಾಗಾಗಿ ಕನ್ನಡದ ಒತ್ತಕ್ಷರ, ಅರ್ಕಾವತ್ತು ಎಲ್ಲ ಸರಿಯಾಗಿ ಕೂರುತ್ತವೆ. ಪೆನ್ ಡ್ರೈವ್ ಎಫ್‌ಎಟಿ32 ಫಾರ್ಮ್ಯಾಟ್‌ನಲ್ಲೇ ಇರಲಿ, ಎನ್‌ಟಿಎಫ್‌ಎಸ್ ಮತ್ತು ಎಕ್ಸ್‌ಫ್ಯಾಟ್ ಹಳೇ ಪ್ಲೇಯರ್‌ಗಳಿಗೆ ಆಗಿಬರುವುದಿಲ್ಲ. ಎಫ್‌ಎಟಿ32ರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ, ಎವಿಐಗೆ ಅಷ್ಟು ಬೇಕಾಗುವುದೂ ಇಲ್ಲ.

ಹೊಸಬಳು:

ಮಧ್ಯೆ ಒಂದು ಪ್ರಶ್ನೆ. ನನ್ನ ಹತ್ತಿರ ಮೊದಲೇ ತಯಾರಾದ ಡಿವಿಡಿ ಇದೆ, ಸಬ್‌ಟೈಟಲ್ ಇಲ್ಲ. ಅದನ್ನು ಕಾಪಿ ಮಾಡಿ ವಿಡಿಯೊ ಟಿಎಸ್ ಫೋಲ್ಡರ್‌ನಲ್ಲಿ ವಿಒಬಿ ಪಕ್ಕದಲ್ಲೇ ಅದೇ ಹೆಸರಿನ ಎಸ್‌ಆರ್‌ಟಿ ಇಟ್ಟರೆ ಬರುತ್ತದಾ?

ಬೈಟುಗಾರ:

ಇಲ್ಲ, ಬರುವುದಿಲ್ಲ. ಪಕ್ಕದ ಫೈಲ್ ಹುಡುಕುವುದು ಪ್ಲೇಯರ್ ಬರೀ ಫೈಲ್‌ಗಳ ಪಟ್ಟಿ ತೋರಿಸುವಾಗ, ಅಂದರೆ ಎವಿಐಯಂಥದ್ದನ್ನು ಡೇಟಾ ಡಿಸ್ಕ್‌ನಿಂದಲೋ ಪೆನ್ ಡ್ರೈವ್‌ನಿಂದಲೋ ಓಡಿಸುವಾಗ ಮಾತ್ರ. ಡಿವಿಡಿ ವಿಡಿಯೊ ಅಂತ ಗುರುತಿಸಿದ ಮೇಲೆ ಅದು ನೋಡುವುದು ಐಎಫ್‌ಒ ಫೈಲ್ ಏನು ಹೇಳುತ್ತದೆ ಅನ್ನುವುದನ್ನು. ಅದರಲ್ಲಿ ಸಬ್‌ಪಿಕ್ಚರ್ ಇದೆ ಅಂತ ಬರೆದಿಲ್ಲದಿದ್ದರೆ ಇಲ್ಲ, ಅಷ್ಟೆ. ಆದರೆ ನಿಮ್ಮದು ಈಗಾಗಲೇ ಎಂಪೆಗ್-2 ಆಗಿರುವುದರಿಂದ ವಿಡಿಯೊವನ್ನು ಮತ್ತೆ ಎನ್‌ಕೋಡ್ ಮಾಡದೆಯೇ ಸಬ್‌ಪಿಕ್ಚರ್ ಸೇರಿಸಿ ಡಿವಿಡಿಯನ್ನು ಹೊಸದಾಗಿ ಜೋಡಿಸಬಹುದು. ಡಿವಿಡಿಆಥರ್ ಅನ್ನುವ ತಂತ್ರಾಂಶದ ಜೊತೆ ಬರುವ ಎಸ್‌ಪಿಯುಮಕ್ಸ್ ಇದೇ ಕೆಲಸಕ್ಕೆ ಇರುವುದು. ಸಬ್‌ಟೈಟಲ್ ಮಾತ್ರ ಡಿಸ್ಕ್‌ನ ಫ್ರೇಮ್ ರೇಟ್‌ಗೆ ಹೊಂದಿಸಿಕೊಳ್ಳಿ, ಪಾಲ್ ಡಿಸ್ಕ್ ಆದರೆ 25.

ಹಳೇರಿಮೋಟ್:

ಡಿಸ್ಕ್ ಬರೆಯುವ ಡ್ರೈವ್ ಇದೆ, ಡಿವಿಡಿ ದಾರಿಯನ್ನೇ ಹಿಡಿದೆ. ಮೊದಲು ಒಂದು ತುಣುಕು ಮಾಡಿ ನೋಡಿದಾಗ ನಿಧಾನವಾಗಿ ಅವರು ಹೇಳಿದ ಹಾಗೆಯೇ ಒತ್ತುಗಳು ಕಲಸಿಕೊಂಡಿದ್ದವು, ಅಕ್ಷರ ದೊಡ್ಡದು ಮಾಡಿ ಅಂಚು ದಪ್ಪ ಮಾಡಿದ ಮೇಲೆ ಸೋಫಾದಿಂದಲೂ ಸ್ಪಷ್ಟವಾಗಿ ಓದಲು ಆಗುತ್ತಿದೆ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಹಾಕಿದ್ದೇನೆ. ಒಂದೇ ಕೊರತೆ, ಡಿಸ್ಕ್ ಹಾಕಿದ ಕೂಡಲೇ ಸಬ್‌ಟೈಟಲ್ ತಾನಾಗಿ ಬರುವುದಿಲ್ಲ, ಪ್ರತಿ ಸಲ ಬಟನ್ ಒತ್ತಬೇಕು. ಅಪ್ಪ ಅದನ್ನು ಮರೆಯುತ್ತಾರೆ.

ನಿಧಾನವಾಗಿ:

ಅದಕ್ಕೆ ಎರಡು ದಾರಿ ಇದೆ. ಪ್ಲೇಯರ್‌ನ ಸೆಟಪ್‌ನಲ್ಲಿ ಸಬ್‌ಟೈಟಲ್ ಭಾಷೆ ಆಫ್ ಅಂತ ಇರುತ್ತದೆ, ಅಲ್ಲಿ ಇಂಗ್ಲಿಷ್ ಅಂತ ಇಡಿ. ಪಟ್ಟಿಯಲ್ಲಿ ಕನ್ನಡ ಇರುವುದಿಲ್ಲ, ಹಾಗಾಗಿ ಡಿಸ್ಕ್ ತಯಾರಿಸುವಾಗ ಕನ್ನಡದ ಟ್ರ್ಯಾಕ್‌ಗೆ ಇಂಗ್ಲಿಷ್ ಅಂತ ಭಾಷೆಯ ಗುರುತು ಕೊಟ್ಟು ಮೊದಲನೆಯದಾಗಿ ಇಡಿ, ಇಂಗ್ಲಿಷಿನದ್ದಕ್ಕೆ ಬೇರೆ ಯಾವುದಾದರೂ ಗುರುತು ಕೊಡಿ. ಪ್ಲೇಯರ್ ನೋಡುವುದು ಗುರುತನ್ನು ಮಾತ್ರ. ಇನ್ನೊಂದು, ಡಿವಿಡಿಸ್ಟೈಲರ್‌ನಲ್ಲಿ ಸಿನಿಮಾ ಶುರುವಾಗುವ ಮೊದಲು ಓಡುವ ಆದೇಶದ ಜಾಗ ಇದೆ, ಪ್ರಿ ಕಮಾಂಡ್ಸ್ ಅನ್ನುತ್ತಾರೆ. ಅಲ್ಲಿ subtitle=64; ಅಂತ ಕೊಟ್ಟರೆ ಮೊದಲನೇ ಟ್ರ್ಯಾಕ್ ತಾನಾಗಿ ಶುರುವಾಗುತ್ತದೆ. ಡಿವಿಡಿಯ ಲೆಕ್ಕದಲ್ಲಿ ಟ್ರ್ಯಾಕ್‌ಗಳು 0ಯಿಂದ ಶುರು, ತೋರಿಸು ಅನ್ನುವುದಕ್ಕೆ 64 ಕೂಡಿಸಬೇಕು, ಆದ್ದರಿಂದ ಮೊದಲನೆಯದು 64, ಎರಡನೆಯದು 65.

ನಾನಾಗಿದ್ದರೆ ಎರಡನೇ ದಾರಿಯನ್ನೇ ಹಿಡಿಯುತ್ತಿದ್ದೆ. ಪ್ಲೇಯರ್ ಬದಲಾದರೂ ಡಿಸ್ಕ್ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತದೆ. ಮತ್ತೆ ಬರೆಯುವಾಗ ಫೈನಲೈಸ್ ಮಾಡುವುದನ್ನು, ಅಂದರೆ ಬರೆದು ಮುಗಿಯಿತು ಅಂತ ಡಿಸ್ಕನ್ನು ಮುಚ್ಚುವುದನ್ನು, ಬಿಡಬೇಡಿ, ಮಾಡದ ಡಿಸ್ಕನ್ನು ಕಂಪ್ಯೂಟರ್ ಓದಿದರೂ ಪ್ಲೇಯರ್ ಓದದೇ ಇರಬಹುದು.